ಬಲಗೈ ಮಣಿಕಟ್ಟು ನೋವು, ಪಿಯಾನೋ ನಿಲ್ಲಿಸಬೇಕಾ? ಅನುಭವ ಇದ್ದವರು ಹೇಳಿ

ಕೇಳಿದವರು, ಬಳ್ಳಾರಿ

ಎಲ್ಲರಿಗೂ ನಮಸ್ಕಾರ. ನಾನಿರೋದು ಬಳ್ಳಾರಿ ಕೌಲ್ ಬಜಾರ್ ಕಡೆ. ಬ್ಯಾಂಕಿನಲ್ಲಿ ಕೆಲಸ. ಚಿಕ್ಕವಳಿದ್ದಾಗ ಚರ್ಚ್‌ನಲ್ಲಿ ಪಿಯಾನೋ ಕಲಿತಿದ್ದೆ. ಮದುವೆ, ಮಗು ಅಂತ ಬಿಟ್ಟುಹೋಗಿತ್ತು. ಈಗ ಮತ್ತೆ ಶುರು ಮಾಡಿ ಟ್ರಿನಿಟಿಯ (ಲಂಡನ್ನಿನ ಸಂಗೀತ ಪರೀಕ್ಷಾ ಮಂಡಳಿ) ಐದನೇ ಗ್ರೇಡ್‌ಗೆ ತಯಾರಿ ನಡೆಸಿದ್ದೇನೆ. ಮನೆಯಲ್ಲಿ 88 ಕೀಗಳ ಡಿಜಿಟಲ್ ಪಿಯಾನೋ ಇದೆ.

ಈಚೆಗೆ ಬಲಗೈ ಮಣಿಕಟ್ಟಿನಲ್ಲಿ, ಹೆಬ್ಬೆರಳ ಬುಡದ ಕಡೆ ನೋವು. ಆಕ್ಟೇವ್ (ಕೆಳಗಿನ ಸ, ಮೇಲಿನ ಸ ಒಟ್ಟಿಗೆ) ಹಿಡಿದಾಗ ಚುಳ್ ಅನ್ನುತ್ತೆ. ರಾತ್ರಿ ಕೈ ಜೋಮು ಹಿಡಿದು ಎಚ್ಚರ ಆಗುತ್ತೆ, ಕೊಡವಿದರೆ ಸರಿಹೋಗುತ್ತೆ. ಕಲಿಸುವ ಮೇಡಂ "ಅಭ್ಯಾಸ ಆದಂತೆ ಹೋಗುತ್ತೆ" ಅಂತಾರೆ. ಅತ್ತೆ "ಎಣ್ಣೆ ತಿಕ್ಕಿ ನೆಟಿಗೆ ತೆಗೆಸು" ಅಂತಾರೆ. ಮನೆಯವರು ಪಿಯಾನೋನೇ ಬಿಡು ಅಂತಾರೆ. ಯಾರ ಮಾತು ಕೇಳಲಿ?

ಫಿಸಿಯೋಥೆರಪಿಸ್ಟ್, ರಾಯಚೂರು

ನೀವು ಒಂದೇ ನೋವು ಅಂತ ಬರೆದಿದ್ದೀರಿ. ಓದಿದರೆ ಎರಡು ಬೇರೆ ಬೇರೆ ತೊಂದರೆ ಇದ್ದಂತೆ ಕಾಣುತ್ತೆ. ಕೈ ಮುಟ್ಟಿ ನೋಡದೆ ಇದೇ ಅಂತ ಹೇಳೋಕಾಗಲ್ಲ. ಆದರೂ ಡಾಕ್ಟರ ಹತ್ತಿರ ಹೋಗುವ ಮುಂಚೆ ಎರಡನ್ನೂ ಬೇರೆ ಮಾಡಿಕೊಂಡರೆ ಒಳ್ಳೆಯದು.

ಹೆಬ್ಬೆರಳ ಬುಡದ ನೋವು ಒಂದು. ಹೆಬ್ಬೆರಳನ್ನು ಅಗಲಿಸುವ, ಮೇಲೆತ್ತುವ, ಸ್ನಾಯುವನ್ನು ಮೂಳೆಗೆ ಜೋಡಿಸುವ ಹುರಿಯಂಥ ಎರಡು ಟೆಂಡನ್‌ಗಳು ಮಣಿಕಟ್ಟಿನ ಪಕ್ಕದಲ್ಲಿ ಒಂದು ಇಕ್ಕಟ್ಟಾದ ಹೊದಿಕೆಯೊಳಗೆ ಓಡಾಡುತ್ತವೆ. ಆ ಹೊದಿಕೆ ದಪ್ಪ ಆದರೆ ಟೆಂಡನ್ ಸಲೀಸಾಗಿ ಜಾರಲ್ಲ, ನೋವು ಶುರು. ಇದನ್ನು 1895ರಲ್ಲಿ ವಿವರಿಸಿದ್ದು ಸ್ವಿಟ್ಜರ್ಲೆಂಡಿನ ಸರ್ಜನ್ ಫ್ರಿಟ್ಸ್ ಡಿ ಕರ್ವೇನ್. ಅದಕ್ಕೇ ರಿಪೋರ್ಟ್‌ನಲ್ಲಿ ಡಿ ಕರ್ವೇನ್ ಅಂತ ಬರೀತಾರೆ. ಮನೆಯಲ್ಲಿ ನೋಡಿಕೊಳ್ಳೋದು ಸುಲಭ. ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿ, ಮುಷ್ಟಿಯನ್ನು ಕಿರುಬೆರಳ ಕಡೆಗೆ ಮೆಲ್ಲಗೆ ಬಗ್ಗಿಸಿ. ಹೆಬ್ಬೆರಳ ಬುಡದಲ್ಲಿ ಜೋರಾಗಿ ಎಳೆದಂತೆ ನೋವಾದರೆ ಅನುಮಾನ ಪಡಬಹುದು. ಒಮ್ಮೆ ನೋಡಿದರೆ ಸಾಕು. ದಿನಾ ಮಾಡಿ ನೋಡೋಕೆ ಹೋಗಿ ಇನ್ನಷ್ಟು ಕೆರಳಿಸಿಕೊಂಡವರಿದ್ದಾರೆ.

ರಾತ್ರಿಯ ಜೋಮು ಬೇರೆ. ಅಂಗೈ ಬುಡದಲ್ಲಿ ಒಂದು ಗಟ್ಟಿ ಪಟ್ಟಿ ಇದೆ. ಅದರ ಕೆಳಗಿನ ಸಣ್ಣ ದಾರಿಯಲ್ಲಿ ಬೆರಳು ಮಡಚುವ ಒಂಬತ್ತು ಟೆಂಡನ್, ಜೊತೆಗೆ ಮೀಡಿಯನ್ ಅನ್ನೋ ನರ ಹಾದುಹೋಗುತ್ತವೆ. ಒಳಗೆ ಸ್ವಲ್ಪ ಊತ ಬಂದರೂ ನರ ಒತ್ತಿಕೊಳ್ಳುತ್ತೆ. ಇದೇ ಕಾರ್ಪಲ್ ಟನಲ್. ನಿದ್ದೆಯಲ್ಲಿ ಕೈ ಮಡಚಿಕೊಂಡು ಮಲಗಿದಾಗ ಜಾಸ್ತಿ ಆಗುತ್ತೆ. ಯಾವ ಬೆರಳು ಜೋಮು ಹಿಡಿಯುತ್ತೆ ಅಂತ ಗಮನಿಸಿ. ಹೆಬ್ಬೆರಳು, ತೋರುಬೆರಳು, ನಡುಬೆರಳು ಆದರೆ ಈ ನರ. ಕಿರುಬೆರಳು ಆದರೆ ಬೇರೆ ನರ, ಅದು ಸಾಮಾನ್ಯವಾಗಿ ಮೊಣಕೈ ಹತ್ತಿರ ಒತ್ತಿರುತ್ತೆ. ಮೊಣಕೈ ಮಡಚಿ ಗಂಟೆಗಟ್ಟಲೆ ಫೋನ್ ಹಿಡಿಯುವವರಿಗೆ ಅದು ಬರುತ್ತೆ.

ಥೈರಾಯ್ಡ್ ಕಮ್ಮಿ ಇದ್ದರೆ, ಶುಗರ್ ಇದ್ದರೆ, ಗರ್ಭಿಣಿಯಾಗಿದ್ದರೆ ಕಾರ್ಪಲ್ ಟನಲ್ ಬರುವುದು ಹೆಚ್ಚು. ಅದಕ್ಕೆ ರಕ್ತಪರೀಕ್ಷೆ ಬರೆದುಕೊಟ್ಟರೆ ಸುಮ್ನೆ ದುಡ್ಡು ಕೀಳ್ತಾರೆ ಅಂದುಕೊಳ್ಳಬೇಡಿ.

ಸಂಗೀತಗಾರರ ಕೈಗೆ ಅಂತಲೇ ಬೇರೆ ಡಾಕ್ಟರ್ ಹುಡುಕಬೇಕಿಲ್ಲ. ಮೂಳೆ ಡಾಕ್ಟರ್ ಸಾಕು. ಆದರೆ ಏನು ನುಡಿಸುತ್ತೀರಿ, ಕೈ ಹೇಗಿರುತ್ತೆ ಅಂತ ಮೇಜಿನ ಮೇಲೆ ತೋರಿಸಿ ಬನ್ನಿ. ಇನ್ನೂ ಒಳ್ಳೆಯದು, ಪಕ್ಕದಿಂದ ಒಂದು ವಿಡಿಯೋ ಮಾಡಿಕೊಂಡು ಹೋಗಿ.

ರಸಮಂಜರಿ ಕೀಬೋರ್ಡ್, ಸಿಂಧನೂರು

ಅಕ್ಕಾ, ಒಂದು ಪ್ರಶ್ನೆ. ಮಗು ಮಲಗಿದ ಮೇಲೆ ವಾಲ್ಯೂಮ್ ಕಮ್ಮಿ ಇಟ್ಟು ನುಡಿಸ್ತೀರಾ?

ಯಾಕೆ ಕೇಳ್ತೀನಿ ಅಂದ್ರೆ, ನಮ್ಮ ಆರ್ಕೆಸ್ಟ್ರಾದಲ್ಲಿ ಎಲ್ಲರ ಕೈ ಕೆಡೋದು ಅಲ್ಲೇ. ಗಣೇಶನ ಹಬ್ಬದ ಪ್ರೋಗ್ರಾಮ್‌ನಲ್ಲಿ ಪಕ್ಕಕ್ಕೇ ರಿದಮ್ ಪ್ಯಾಡ್, ಮುಂದೆ ದೊಡ್ಡ ಬಾಕ್ಸ್‌ಗಳು. ನಮ್ಮ ಸ್ವರ ನಮಗೇ ಕೇಳಿಸಲ್ಲ. ಕೇಳಿಸದಿದ್ದಾಗ ಬೆರಳು ತಾನಾಗೇ ಗುದ್ದೋಕೆ ಶುರು ಮಾಡುತ್ತೆ. ಕೀ ಕೆಳಗೆ ಹೋಗಿ ತಟ್ಟಿದ ಮೇಲೂ ಒತ್ತುತ್ತಲೇ ಇರ್ತೀವಿ. ಸೌಂಡ್ ಬರೋದು ಕೀ ಕೆಳಗಿಳಿಯುವ ವೇಗಕ್ಕೆ. ತಳ ಮುಟ್ಟಿದ ಮೇಲೆ ಎಷ್ಟು ಒತ್ತಿದರೂ ಸ್ವರ ಜೋರಾಗಲ್ಲ, ಮಣಿಕಟ್ಟು ಮಾತ್ರ ಬಿಗಿಯಾಗುತ್ತೆ. ಕಿವಿಗೆ ಮಾನಿಟರ್ (ನಮ್ಮ ಸ್ವರ ನಮಗೆ ಕೇಳಿಸುವ ಇಯರ್ ಫೋನ್) ಹಾಕಿಕೊಂಡ ಮೇಲೆ ನನ್ನ ನೋವು ಅರ್ಧ ಇಳಿಯಿತು. ಔಷಧಿ ಏನೂ ಇಲ್ಲ.

ನಿಮಗೆ ಹೆಡ್‌ಫೋನ್ ಸಾಕು. ಡಿಜಿಟಲ್ ಪಿಯಾನೋದ ಸೆಟ್ಟಿಂಗ್‌ನಲ್ಲಿ ಟಚ್ ಅಂತ ಇರುತ್ತೆ, ಅದನ್ನು ಲೈಟ್‌ಗೆ ಇಟ್ಟು ನೋಡಿ. ಕೈ ಸರಿ ಆಗುವವರೆಗೆ ಪರವಾಗಿಲ್ಲ. ಪರೀಕ್ಷೆ ಹತ್ತಿರ ಬಂದಾಗ ವಾಪಸ್ ಮಾಡಿ, ಇಲ್ಲ ಅಂದ್ರೆ ಅಲ್ಲಿಯ ಪಿಯಾನೋ ಭಾರ ಅನಿಸುತ್ತೆ.

ಎರಡನೇದು, ನೋವಿನ ಗುಳಿಗೆ ನುಂಗಿ ನುಡಿಸಬೇಡಿ. ಸ್ಟೇಜ್ ಹತ್ತೋ ಮುಂಚೆ ಡೈಕ್ಲೋಫೆನಾಕ್ ತಗೊಂಡು ರಾತ್ರಿಯಿಡೀ ನುಡಿಸುವವರನ್ನು ನೋಡಿದ್ದೇನೆ. ಆವತ್ತಿಗೆ ನೋವು ಗೊತ್ತಾಗಲ್ಲ, ಅಷ್ಟೇ. ಕೈ ತಡಿ ಅಂತ ಹೇಳೋದು ಕೇಳಿಸದಂಗೆ ಮಾಡಿದ ಹಾಗೆ. ಹೊಟ್ಟೆ, ಕಿಡ್ನಿ ಬೇರೆ ಕೆಡುತ್ತೆ.

ಮನೆಯಲ್ಲೇ ಕಲಿಸುವವಳು, ಗಂಗಾವತಿ

ತಂಗಿ, ನನಗೆ ಎರಡೂ ಕೈಗೆ ಕಾರ್ಪಲ್ ಟನಲ್ ಆಗಿ, ಬಲಗೈಗೆ ಆಪರೇಷನ್ ಕೂಡ ಆಗಿದೆ. ಮಕ್ಕಳಿಗೆ ಕೀಬೋರ್ಡ್ ಕಲಿಸ್ತೀನಿ.

ಎಲ್ಲರೂ ಕೇಳಿದ್ದು ದಿನಕ್ಕೆ ಎಷ್ಟು ಹೊತ್ತು ನುಡಿಸ್ತೀರಿ ಅಂತ. ಒಬ್ಬ ಡಾಕ್ಟರ್ ಮಾತ್ರ "ಬೆಳಿಗ್ಗೆ ಎದ್ದಾಗಿನಿಂದ ಕೈಯಲ್ಲಿ ಏನೇನು ಮಾಡ್ತೀರಿ" ಅಂತ ಕೇಳಿದರು. ನಮ್ಮದು ಕೂಡು ಕುಟುಂಬ. ದಿನಾ ಜೋಳದ ರೊಟ್ಟಿ. ಜೋಳದ ಹಿಟ್ಟಿಗೆ ಅಂಟು ಇಲ್ಲ. ಬಿಸಿ ನೀರು ಹಾಕಿ ಅಂಗೈ ಬುಡದಿಂದ ಒತ್ತಿ ಒತ್ತಿ ನಾದಬೇಕು, ಇಲ್ಲದಿದ್ದರೆ ಬಡಿಯುವಾಗ ಅಂಚು ಬಿರಿಯುತ್ತೆ. ಆ ನರ ಇರೋದೂ ಅಂಗೈ ಬುಡದಲ್ಲೇ. ಆಮೇಲೆ ಬಡಿಯೋದು. ಬಲಗೈ ಬಡಿಯುತ್ತಾ, ಎಡಗೈ ರೊಟ್ಟಿ ತಿರುಗಿಸುತ್ತಾ. ರೊಟ್ಟಿ ಬುಟ್ಟಿ ತುಂಬುವ ಹೊತ್ತಿಗೆ ಕೈ ಅರ್ಧ ದಿನದ ಕೆಲಸ ಮುಗಿಸಿರುತ್ತೆ. ಅದರ ಮೇಲೆ ಬಟ್ಟೆ ಹಿಂಡೋದು. ಅದಾದ ಮೇಲೆ ಕೀಬೋರ್ಡ್ ಮುಂದೆ ಕೂತು ನೋವಾದರೆ ತಪ್ಪು ಕೀಬೋರ್ಡ್‌ದಾ?

ಈಗ ನಮ್ಮ ಮನೆಯವರು ಹಿಟ್ಟು ನಾದಿಕೊಡ್ತಾರೆ. ಮೊದಮೊದಲು ಅತ್ತೆ ಮುಖ ತಿರುಗಿಸಿದರು. ಈಗ "ನನಗಿಂತ ಚೆಂದ ನಾದ್ತಾನೆ" ಅಂತಾರೆ. ವಾರದಲ್ಲಿ ಕೆಲವು ದಿನ ಅಂಗಡಿಯ ಖಡಕ್ ರೊಟ್ಟಿ. ರೊಟ್ಟಿ ಮಾಡಿದ ತಕ್ಷಣ ನುಡಿಸಲ್ಲ.

ಆಪರೇಷನ್ ಬಗ್ಗೆ ಭಯ ಬೇಡ. ಆ ಗಟ್ಟಿ ಪಟ್ಟಿಯನ್ನು ಕತ್ತರಿಸಿ ನರಕ್ಕೆ ಜಾಗ ಮಾಡ್ತಾರೆ. ಕೈಗಷ್ಟೇ ಅರಿವಳಿಕೆ, ಅವತ್ತೇ ಮನೆಗೆ. ರಾತ್ರಿಯ ಜೋಮು ಬೇಗ ಹೋಯಿತು. ಹಿಡಿತ ಮಾತ್ರ ತಿಂಗಳುಗಟ್ಟಲೆ ಸಾಲದು. ಬಾಟಲಿ ಮುಚ್ಚಳ ತೆಗೆಯೋಕೂ ಯಾರನ್ನಾದರೂ ಕರೀಬೇಕಿತ್ತು. ನಿಮಗೆ ಅಲ್ಲಿವರೆಗೂ ಹೋಗಲಿಕ್ಕಿಲ್ಲ.

ಅದಿರಲಿ, ಬ್ಯಾಂಕಿನಲ್ಲಿ ಯಾವ ಸೀಟು?

ಕೇಳಿದವರು, ಬಳ್ಳಾರಿ

ಅಕ್ಕಾ, ಕ್ಯಾಶ್ ಕೌಂಟರ್.

ನೀವು ಕೇಳಿದ ಮೇಲೆ ಇವತ್ತು ಕೌಂಟರ್‌ನಲ್ಲಿ ನನ್ನ ಕೈಯನ್ನೇ ನೋಡುತ್ತಾ ಕೂತೆ. ಎಣಿಸುವ ಮೆಷಿನ್ ಇದೆ. ಆದರೆ ಹತ್ತು, ಇಪ್ಪತ್ತರ ಹಳೇ ನೋಟು, ಹರಿದದ್ದು, ಮಡಚಿದ್ದು ಎಲ್ಲ ಕೈಯಲ್ಲೇ. ಎಡಗೈಯಲ್ಲಿ ಕಟ್ಟು ಹಿಡಿದು ಬಲ ಹೆಬ್ಬೆರಳಿಂದ ಒಂದೊಂದೇ ನೋಟು ಸರಿಸ್ತೀನಿ. ಪ್ರತಿ ನೋಟಿಗೂ ಹೆಬ್ಬೆರಳು ಹೊರಗೆ ಹೋಗಿ ಒಳಗೆ ಬರುತ್ತೆ. ಆಮೇಲೆ ಚಲನ್ ಮೇಲೆ ಸೀಲು, ಅದಕ್ಕೂ ಅದೇ ಕೈ. ಫಿಸಿಯೋ ಸರ್ ಹೇಳಿದ ಆ ಎರಡು ಟೆಂಡನ್ ಬೆಳಿಗ್ಗೆ ಹತ್ತರಿಂದ ಓಡಾಡುತ್ತಿವೆ. ಸಂಜೆ ಮಗುವನ್ನು ಕಂಕುಳಲ್ಲಿ ಕೈ ಹಾಕಿ ಎತ್ತೋದು ಬೇರೆ.

ಸಿಂಧನೂರಿನ ಅಣ್ಣ ಹೇಳಿದ್ದೂ ನಿಜ. ನುಡಿಸೋದು ರಾತ್ರಿ, ಮಗು ಮಲಗಿದ ಮೇಲೆ, ವಾಲ್ಯೂಮ್ ಇಳಿಸಿ. ಕೂರೋದು ಊಟದ ಕುರ್ಚಿ ಮೇಲೆ.

ಪೇಟಿ ಮಾಸ್ತರ್, ಕೊಪ್ಪಳ

ಪಿಯಾನೋ ನನಗೆ ಗೊತ್ತಿಲ್ಲ. ಆದರೂ ಕೈ ನೋವು ಎಲ್ಲರಿಗೂ ಒಂದೇ ಅಂತ ಬರೀತೀನಿ. ಭಜನೆಗೆ ನೆಲದ ಮೇಲೆ ಕೂತು ಪೇಟಿ (ಹಾರ್ಮೋನಿಯಂ) ನುಡಿಸಿದರೆ ಬಲಗೈ ಸ್ವರಕ್ಕೆ, ಎಡಗೈ ಗಾಳಿಗೆ. ನಮ್ಮವರಿಗೆ ಎಡಗೈ ಮಣಿಕಟ್ಟೇ ಮೊದಲು ಹಿಡಿಯೋದು. ನಾಟಕದಲ್ಲಿ ಕಾಲಲ್ಲಿ ಒತ್ತುವ ಪೇಟಿ, ಅಲ್ಲಿ ಕೈಗೆ ಆ ಕಷ್ಟ ಇಲ್ಲ. ಆದರೆ ಜಾತ್ರೆ ನಾಟಕ ಅಂದರೆ ಬೆಳತನಕ.

ನಮ್ಮ ಗುರುಗಳ ಕಾಲದಲ್ಲಿ ನೋವು ಅಂದರೆ "ಇನ್ನೂ ನುಡಿಸು" ಅನ್ನುತ್ತಿದ್ದರು. ನಿಮ್ಮ ಮೇಡಂ ಹೇಳಿದ್ದೂ ಅದೇ ಜಾತಿಯ ಮಾತು. ಹೊಸದಾಗಿ ಕಲಿಯುವವರಿಗೆ ಬೆರಳ ತುದಿ, ಮುಂಗೈ ದಣಿದು ಮರುದಿನಕ್ಕೆ ಇಳಿದರೆ ಆ ಮಾತು ಸರಿ. ರಾತ್ರಿ ಎಬ್ಬಿಸುವ ನೋವಿಗೆ ಸರಿಯಲ್ಲ. ನಾನು ಕಂಡದ್ದು ಒಂದೇ: ಹಾಡುವವನು ಆಲಾಪ ಮಾಡುವಾಗ, ಪಾತ್ರಧಾರಿ ಮಾತಾಡುವಾಗ ಪೇಟಿ ಮೇಲಿಂದ ಕೈ ತೆಗೆದು ತೊಡೆ ಮೇಲೆ ಇಡುವವರು ಮುಪ್ಪಿನವರೆಗೂ ನುಡಿಸಿದ್ದಾರೆ. ಸುಮ್ಮನಿದ್ದಾಗಲೂ ಸ್ವರದ ಮೇಲೆ ಬೆರಳು ಬಿಗಿಹಿಡಿದು ಕೂತವರು ಬೇಗ ಬಿಟ್ಟರು.

ಪಿಯಾನೋ ಗ್ರೇಡ್ ಮುಗಿಸಿದವನು, ಹೊಸಪೇಟೆ ರಸ್ತೆ, ಬಳ್ಳಾರಿ

ಆಕ್ಟೇವ್ ಬಗ್ಗೆ ಯಾರೂ ಹೇಳಲಿಲ್ಲ. ಪಿಯಾನೋದಲ್ಲಿ ಒಂದು ಆಕ್ಟೇವ್ ಅಗಲ ಸುಮಾರು 16.5 ಸೆಂಟಿಮೀಟರ್. ದೊಡ್ಡ ಕೈಯವರಿಗೆ ಏನೂ ಅಲ್ಲ. ಚಿಕ್ಕ ಕೈಗೆ ಅದು ಪೂರ್ತಿ ಎಳೆತ. ಹಾಗಂತಲೇ ಕಿರಿದಾದ ಕೀಗಳ ಪಿಯಾನೋ ಕೂಡ ಮಾಡ್ತಾರೆ, ಆಕ್ಟೇವ್‌ಗೆ ಐದೂವರೆ ಇಂಚಿನದು. ನಮ್ಮ ಕಡೆ ಎಲ್ಲಿ ಸಿಗಬೇಕು ಬಿಡಿ.

ನಮ್ಮ ಕೈಯಲ್ಲಿರೋದು ಇಷ್ಟು. ಆಕ್ಟೇವ್ ನುಡಿಸಿದ ಮರುಕ್ಷಣ ಕೈ ಮುಚ್ಚಿಕೊಳ್ಳಲಿ. ಮುಂದಿನದಕ್ಕೂ ಹಾಗೇ ಅಗಲಿಸಿ ಹಿಡಿದುಕೊಂಡೇ ಹೋಗಬೇಡಿ. ಸಾಲಾಗಿ ಆಕ್ಟೇವ್ ಇರುವ ಕಡೆ ಅಭ್ಯಾಸಕ್ಕೆ ಮೇಲಿನ ಸ್ವರ ಮಾತ್ರ ನುಡಿಸಿ. ಇನ್ನೊಂದು, ಟ್ರಿನಿಟಿಯಲ್ಲಿ ಪಟ್ಟಿ ಕೊಟ್ಟು ಅದರಿಂದ ಆರಿಸಿಕೊಳ್ಳಿ ಅಂತಾರೆ. ಕೈಗೆ ಆಗದ್ದನ್ನೇ ಯಾಕೆ ಆರಿಸಬೇಕು? ಮೇಡಂ ಜೊತೆ ಕೂತು ಆಕ್ಟೇವ್ ಕಮ್ಮಿ ಇರೋದಕ್ಕೆ ಬದಲಾಯಿಸಿ. ವಿಡಿಯೋ ಮಾಡಿ ಕಳಿಸುವ ಪರೀಕ್ಷೆಯೂ ಇದೆ. ಕೈ ಚೆನ್ನಾಗಿರುವ ದಿನ ರೆಕಾರ್ಡ್ ಮಾಡಬಹುದು.

ಕುರ್ಚಿ ತಗ್ಗಾದರೆ ಮಣಿಕಟ್ಟು ಮೇಲಕ್ಕೆ ಮುರಿದಂತೆ ಆಗುತ್ತೆ. ಮೊಣಕೈ ಕೀಗಳ ಮಟ್ಟಕ್ಕೆ ಬರಬೇಕು, ಇಲ್ಲವೇ ಸ್ವಲ್ಪ ಮೇಲೆ. ಬೆಂಚ್ ಕೊಳ್ಳೋವರೆಗೆ ಕೌದಿ ಮಡಚಿ ಹಾಕಿಕೊಳ್ಳಿ.

ಹಾಂ, ನೋವೇ ಇಲ್ಲದೆ ಬೆರಳು ಹೇಳಿದ ಮಾತು ಕೇಳದಿದ್ದರೆ ಅದು ಬೇರೆಯದೇ ರೋಗ, ಡಿಸ್ಟೋನಿಯಾ. ಅಮೆರಿಕದ ದೊಡ್ಡ ಪಿಯಾನೋ ವಾದಕ ಲಿಯಾನ್ ಫ್ಲೈಶರ್‌ಗೆ 1960ರ ದಶಕದಲ್ಲಿ ಬಲಗೈಯ ಕಿರುಬೆರಳು, ಉಂಗುರಬೆರಳು ತಾವಾಗೇ ಒಳಗೆ ಮಡಚಿಕೊಂಡವು. ಎಷ್ಟೋ ವರ್ಷ ಎಡಗೈ ಒಂದರಲ್ಲೇ ಕಚೇರಿ ಕೊಟ್ಟರು. 1990ರ ದಶಕದಲ್ಲಿ ಬೊಟಾಕ್ಸ್ ಇಂಜೆಕ್ಷನ್ ತಗೊಂಡು ಮತ್ತೆ ಎರಡು ಕೈಯಲ್ಲಿ ನುಡಿಸಿದರು. ನಿಮ್ಮದು ಅದಲ್ಲ, ಸುಮ್ನೆ ಗೊತ್ತಿರಲಿ ಅಂತ.

ಜೀನ್ಸ್ ಹೊಲಿಯುವವರ ಮಗ, ಬಳ್ಳಾರಿ

ನೆಟಿಗೆ ತೆಗೆಸಬೇಡಿ ಮೇಡಂ. ನಮ್ಮಮ್ಮ ಜೀನ್ಸ್ ಯೂನಿಟ್‌ನಲ್ಲಿ ದಾರ ಕತ್ತರಿಸೋ ಕೆಲಸ. ಇದೇ ಹೆಬ್ಬೆರಳ ನೋವು. ತಿಕ್ಕಿಸಿ ಎಳೆಸಿದ ಮೇಲೆ ಊದಿಕೊಂಡಿತು. ಎಣ್ಣೆ ಹಚ್ಚಿ ಮೆಲ್ಲಗೆ ಸವರಿಕೊಂಡರೆ ಏನೂ ಆಗಲ್ಲ. ಅತ್ತೆಗೂ ಸಮಾಧಾನ.

ಕೇಳಿದವರು, ಬಳ್ಳಾರಿ

ಡಾಕ್ಟರ ಹತ್ತಿರ ಹೋಗಿ ಬಂದೆ. ಎರಡೂ ಇದೆ ಅಂದರು. ಡಿ ಕರ್ವೇನ್ ಜಾಸ್ತಿ, ಕಾರ್ಪಲ್ ಟನಲ್ ಇನ್ನೂ ಶುರು. ಥೈರಾಯ್ಡ್, ಶುಗರ್ ಪರೀಕ್ಷೆಗೆ ಕೊಟ್ಟಿದ್ದೇನೆ. ಹೆಬ್ಬೆರಳನ್ನೂ ಸೇರಿಸಿ ಹಿಡಿಯುವ ಬೆಲ್ಟ್ ಕೊಟ್ಟಿದ್ದಾರೆ. ರಾತ್ರಿ ಹಾಕಲೇಬೇಕು, ಹಗಲು ಆದಷ್ಟು. ಕಮ್ಮಿ ಆಗದಿದ್ದರೆ ಹೆಬ್ಬೆರಳ ಬುಡಕ್ಕೆ ಸ್ಟೀರಾಯ್ಡ್ ಇಂಜೆಕ್ಷನ್, ಜೋಮು ಹೆಚ್ಚಾದರೆ ನರದ ಟೆಸ್ಟ್ ಅಂದರು. ಮ್ಯಾನೇಜರ್‌ಗೆ ಚೀಟಿ ತೋರಿಸಿದೆ. ಕೆಲವು ದಿನ ಪಾಸ್‌ಬುಕ್, ಖಾತೆ ತೆರೆಯುವ ಕೌಂಟರ್‌ಗೆ ಹಾಕಿದ್ದಾರೆ.

ನುಡಿಸೋದು ಪೂರ್ತಿ ಬಿಡಬೇಕಿಲ್ಲವಂತೆ. ಬೆಲ್ಟ್ ಹಾಕಿಕೊಂಡು ಮಾತ್ರ ನುಡಿಸಬೇಡಿ ಅಂದರು.

ಫಿಸಿಯೋಥೆರಪಿಸ್ಟ್, ರಾಯಚೂರು

ಸರಿಯಾಗಿ ಹೇಳಿದ್ದಾರೆ. ಬೆಲ್ಟ್ ಹಾಕಿ ನುಡಿಸಿದರೆ ಮಣಿಕಟ್ಟು ಮಾಡಬೇಕಾದ್ದನ್ನು ಬೆರಳು, ಭುಜ ಮಾಡೋಕೆ ಹೋಗುತ್ತವೆ.

ಸದ್ಯಕ್ಕೆ ಹತ್ತು ನಿಮಿಷ ನುಡಿಸಿ, ಎದ್ದು ಓಡಾಡಿ, ಮತ್ತೆ ಹತ್ತು ನಿಮಿಷ. ನೋವು ಬಂದ ಮೇಲೆ ನಿಲ್ಲಿಸೋದಲ್ಲ, ಬರುವ ಮುಂಚೆ. ಬಲಗೈ ಸುಮ್ಮನಿದ್ದಾಗ ಎಡಗೈ ಭಾಗ ಕಲಿಯಿರಿ. ಸೈಟ್ ರೀಡಿಂಗ್‌ಗೆ (ಮೊದಲು ನೋಡದ ಸ್ವರಲಿಪಿಯನ್ನು ನೋಡಿದ ಕೂಡಲೇ ನುಡಿಸೋದು) ಕೀ ಮುಟ್ಟದೆ ಪುಸ್ತಕ ಓದೋದು ಕೂಡ ಅಭ್ಯಾಸವೇ. ಮಗುವನ್ನು ಕಂಕುಳಿಂದ ಎತ್ತಬೇಡಿ. ಅಂಗೈ ಮೇಲ್ಮುಖ ಮಾಡಿ ಕೆಳಗಿನಿಂದ ತೋಳಿನ ಮೇಲೆ ಎತ್ತಿಕೊಳ್ಳಿ. ಕೈಯಿಂದ ವಸ್ತು ಜಾರಿ ಬೀಳೋದು, ಗುಂಡಿ ಹಾಕೋಕೆ ಬರದಿರೋದು, ಹೆಬ್ಬೆರಳ ಬುಡದ ಉಬ್ಬು ಚಪ್ಪಟೆ ಆಗೋದು, ಇವುಗಳಲ್ಲಿ ಯಾವುದು ಕಂಡರೂ ಮುಂದಿನ ತಾರೀಖಿಗೆ ಕಾಯಬೇಡಿ.

ಮನೆಯಲ್ಲೇ ಕಲಿಸುವವಳು, ಗಂಗಾವತಿ

ತಂಗಿ, ಆ ಬೆಲ್ಟ್ ನಮ್ಮ ಬಿಸಿಲಿಗೆ ಬೆವರಿ ಕೆರೆತ ಬರುತ್ತೆ. ಎಷ್ಟೋ ಜನ ಅದಕ್ಕೇ ಬಿಡ್ತಾರೆ. ಹಳೇ ಕಾಟನ್ ಸಾಕ್ಸ್‌ನ ತುದಿ ಕತ್ತರಿಸಿ, ಹೆಬ್ಬೆರಳಿಗೆ ಒಂದು ತೂತು ಮಾಡಿ, ಅದನ್ನು ಹಾಕಿಕೊಂಡು ಮೇಲೆ ಬೆಲ್ಟ್ ಕಟ್ಟಿ. ದಿನಾ ಒಗೆಯಬಹುದು. ಹಿಂಡೋದು ಮಾತ್ರ ಮನೆಯವರ ಕೈಲಿ ಮಾಡಿಸಿ.