ತುರ್ತು: ಮೆದುಳಿನ ‘ರಿವಾರ್ಡ್ ಸಿಸ್ಟಮ್’ಗೆ ಕನ್ನಡ ಪದ

ಬದಿಯಡ್ಕದಿಂದ:
ಮಾನಸಿಕ ಆರೋಗ್ಯದ ಫಲಕವೊಂದನ್ನು ಮಲಯಾಳದಿಂದ ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಮಧ್ಯಾಹ್ನ ಫ್ಲೆಕ್ಸ್ ಅಂಗಡಿಗೆ ಕೊಡಬೇಕು. ಕೈಗೆ ಬಂದ ಕರಡಿನಲ್ಲಿ ‘ಮೆದುಳಿನ ಸನ್ಮಾನ ವ್ಯವಸ್ಥೆ’ ಎಂದಿದೆ. ಕೆಳಗೆ ‘ಲಹರಿಯಿಂದ ದೂರವಿರಿ’. ಎರಡನೆಯದನ್ನು ‘ಅಮಲು ಪದಾರ್ಥ’ ಎಂದು ತಿದ್ದಿದೆ. ಮೊದಲನೆಯದು ‘ಸುಖ ವ್ಯವಸ್ಥೆ’ ಆದೀತೇ?

ಮಂಜೇಶ್ವರದಿಂದ:
ಮೆದುಳಿಗೆ ಶಾಲು ಹೊದೆಸಿ ಹಣ್ಣಿನ ಬುಟ್ಟಿ ಕೊಡುತ್ತಾರೆಯೇ? ಮಲಯಾಳದ ‘ಸಮ್ಮಾನ’ ನಮ್ಮ ಬಹುಮಾನ. ಅವರ ‘ಬಹುಮಾನ’ ನಮ್ಮ ಗೌರವ. ‘ಬಹುಮಾನ ವ್ಯವಸ್ಥೆ’ ಎಂದು ಬರೆಯಿರಿ, ಮುಗಿಯಿತು.

ಕಾಸರಗೋಡಿನಿಂದ:
ಮುಗಿಯಲಿಲ್ಲ. ‘ಸುಖ’ವಂತೂ ಬೇಡವೇ ಬೇಡ. 1954ರಲ್ಲಿ ಓಲ್ಡ್ಸ್ ಮತ್ತು ಮಿಲ್ನರ್ ಎಂಬ ವಿಜ್ಞಾನಿಗಳು ಮೆದುಳಿಗೆ ತಂತಿ ಇಳಿಸಿದ ಇಲಿಗಳು ವಿದ್ಯುತ್ತಿಗಾಗಿ ಸನ್ನೆಕೋಲನ್ನು ಮತ್ತೆ ಮತ್ತೆ ಒತ್ತಿದಾಗ ಸುಖದ ಕೇಂದ್ರವೇ ಸಿಕ್ಕಿತೆಂದು ಜನ ನಂಬಿದರು. ಆದರೆ ಡೋಪಮೈನ್ ಎಂಬ ಮೆದುಳಿನ ರಾಸಾಯನಿಕದ ಕೆಲಸ ಹೆಚ್ಚಾಗಿ ‘ಬೇಕು’ ಎನ್ನಿಸುವುದು. ‘ಹಿತವಾಯಿತು’ ಎನ್ನುವುದು ಬೇರೆ. ಕುಡಿತಕ್ಕೆ ಬಿದ್ದವರಿಗೆ ಅದರ ಹಿತ ಹೋಗಿ ವರ್ಷಗಳಾಗಿರುತ್ತವೆ, ಸಂಜೆಯಾದರೆ ಕಾಲು ಮಾತ್ರ ಅತ್ತಲೇ ಎಳೆಯುತ್ತದೆ. ಖಿನ್ನತೆಯಲ್ಲಿ ಆ ‘ಬೇಕು’ ಎಂಬುದೇ ಬತ್ತಬಹುದು. ಮೊನ್ನೆ ಒಬ್ಬ ತಾಯಿ ಹೇಳಿದರು: ‘ಚೆಂಡೆಯ ಸದ್ದು ಕೇಳಿದರೆ ಎದ್ದು ಹೊರಡುತ್ತಿದ್ದವ, ಈಗ ಎದುರು ಗದ್ದೆಯಲ್ಲೇ ಆಟವಾದರೂ ಗೋಡೆಗೆ ಮುಖ ಮಾಡಿ ಮಲಗಿರುತ್ತಾನೆ.’ ಬಹುಮಾನ ಗೆದ್ದವನಿಗೆ. ನಿರೀಕ್ಷೆಯೂ ಸೇರಬೇಕಾದರೆ ‘ಪ್ರತಿಫಲ’ವೇ ಸರಿ.

ಪೆರ್ಲದಿಂದ:
ಮತ್ತೆ ಸಂಸ್ಕೃತ! ಹಳಗನ್ನಡದಲ್ಲಿ ಮೆಚ್ಚಿ ಕೊಟ್ಟದ್ದೂ ‘ಮೆಚ್ಚು’. ‘ಮೆಚ್ಚುಗೊಡು’ ಎಂಬ ಮಾತೇ ಇದೆ. ‘ಮಿದುಳಿನ ಮೆಚ್ಚೇರ್ಪಾಡು’ ಎನ್ನಿ.

ಮಂಜೇಶ್ವರದಿಂದ:
ಫಲಕ ಓದುವವರು ಬಸ್ ಕಾಯುವವರು, ಹಳಗನ್ನಡದ ಪರೀಕ್ಷೆಗೆ ಕುಳಿತವರಲ್ಲ. ಹೆಣ್ಣು ತೋರಿಸುವ ದಲ್ಲಾಳಿಯ ಅಂಗಡಿ ಎಂದುಕೊಂಡಾರು.

ಪೆರ್ಲದಿಂದ:
ನಗುವುದು ಸುಲಭ. ಕನ್ನಡಕ್ಕೂ ಮಲಯಾಳಕ್ಕೂ ಸಾಲ ಕೊಟ್ಟ ಮನೆ ಒಂದೇ. ಸನ್ಮಾನ, ಬಹುಮಾನ, ಲಹರಿಗಳ ಗೋಜಲಿಗೆ ಅದೇ ಬೇರು. ನಮ್ಮದೇ ನುಡಿಯಾಗಿದ್ದರೆ ಆ ಕರಡು ಬರೆದವರು ಹೀಗೆ ಎಡವುತ್ತಿರಲಿಲ್ಲ.

ಕಾಸರಗೋಡಿನಿಂದ:
ಎಡವಿದ್ದು ಅವಸರದಿಂದ, ಸಂಸ್ಕೃತದಿಂದಲ್ಲ. ಮಲಯಾಳದ ‘ಪ್ರತಿಫಲ’ವೂ ಸಂಸ್ಕೃತವೇ, ಅಲ್ಲಿ ಅದು ದುಡಿಮೆಗೆ ಸಿಗುವ ಹಣ. ಇಲ್ಲಿ ಯಾರು ತಪ್ಪು ತಿಳಿಯುತ್ತಾರೆ?

ಪೆರ್ಲದಿಂದ:
ನಾನು ತಿಳಿಯುತ್ತೇನೆ.

ಬದಿಯಡ್ಕದಿಂದ:
‘ಪ್ರತಿಫಲ ವ್ಯವಸ್ಥೆ’ ಹಾಕಿ, ಕೆಳಗೆ ಸಣ್ಣದಾಗಿ ‘ಬೇಕು ಎನ್ನಿಸುವ ಮೆದುಳಿನ ಜಾಲ’ ಎಂದು ಸೇರಿಸಿದ್ದೇನೆ. ಅಂಗಡಿಯ ಹುಡುಗನಿಗೆ ಕನ್ನಡ ಬಾರದು. ‘ಪ್ರತಿಪಲ’ ಆಗದಂತೆ ನಾಳೆ ಪಕ್ಕದಲ್ಲೇ ಕುಳಿತು ತಿದ್ದಿಸಬೇಕು.