ಕಾಫಿ ದುಡ್ಡನ್ನು ನ್ಯಾನೋ ಕಂಪನಿಗೆ ಹಾಕಬಹುದಾ? ಅನುಭವ ಇದ್ದವರು ಹೇಳಿ

ಸಕಲೇಶಪುರದಿಂದ, ಕೇಳಿದವರು:

ಎಲ್ಲರಿಗೂ ನಮಸ್ಕಾರ. ನನ್ನದು ಹತ್ತು ಎಕರೆ ರೊಬಸ್ಟಾ ತೋಟ, ಮರಕ್ಕೆ ಮೆಣಸು ಹಬ್ಬಿಸಿದ್ದೇನೆ. ಎರಡು ವರ್ಷ ಕಾಫಿಗೆ ನಾವು ಯಾವತ್ತೂ ನೋಡದ ರೇಟು ಸಿಕ್ಕಿತು. ಬ್ಯಾಂಕಿನ ಸಾಲ ತೀರಿಸಿ, ಕಣಕ್ಕೆ ಸಿಮೆಂಟ್ ಹಾಕಿಸಿ, ಹದಿನೈದು ಲಕ್ಷ ಉಳಿದಿದೆ. ಮಗನ ಜೊತೆ ಓದಿದ ಹುಡುಗ ಬೆಂಗಳೂರಿನಲ್ಲಿ ಕಂಪನಿ ಮಾಡಿದ್ದಾನೆ. ನ್ಯಾನೋ, ಅಂದರೆ ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳ ತಂತ್ರಜ್ಞಾನವಂತೆ. ಗ್ರಾಫೀನ್ ಅನ್ನೋ ಇಂಗಾಲದ ತೆಳು ಪದರದ ಇಂಕ್ ಅಂತೆ, ಅದರಿಂದ ಪ್ಲಾಸ್ಟಿಕ್ ಹಾಳೆ ಮೇಲೆ ಸರ್ಕ್ಯೂಟ್, ಸೆನ್ಸರ್ ಎಲ್ಲ ಪ್ರಿಂಟ್ ಮಾಡಬಹುದಂತೆ. ಹತ್ತು ಲಕ್ಷ ಹಾಕಿ ಅಂಕಲ್, ಷೇರು ಕೊಡುತ್ತೇವೆ ಅಂತ ಕೇಳುತ್ತಿದ್ದಾನೆ. ಹುಡುಗ ಒಳ್ಳೆಯವನು, ಮನೆಯವರೂ ಪರಿಚಯ. ಆದರೆ ಈ ವಿಷಯ ನನಗೆ ಒಂದಕ್ಷರ ಗೊತ್ತಿಲ್ಲ. ಇಂಥದ್ದರಲ್ಲಿ ದುಡ್ಡು ಹಾಕಿದವರು ಯಾರಾದರೂ ಇದ್ದರೆ ಏನಾಯಿತು, ಏನು ನೋಡಬೇಕಿತ್ತು ಹೇಳಿ.

ಹಾಸನದಿಂದ, ಎಲೆಕ್ಟ್ರಾನಿಕ್ಸ್ ಪಾಠ ಮಾಡಿ ರಿಟೈರ್ ಆದವರು:

ನಾನು ಹಾಕಿದ್ದೆ. ನಾಲ್ಕು ಲಕ್ಷ. ಪೂರ್ತಿ ಹೋಯಿತು. ಹೇಗೆ ಹೋಯಿತು ಅಂತ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಯಾಕೆಂದರೆ ಅಲ್ಲಿ ಯಾರೂ ಮೋಸ ಮಾಡಲಿಲ್ಲ.

2011ರಲ್ಲಿ ನನ್ನ ಹಳೇ ವಿದ್ಯಾರ್ಥಿಗಳು ಇಬ್ಬರು ಮನೆಗೆ ಬಂದರು. ಬ್ಯಾಗಿನಿಂದ ಒಂದು ಗಾಜಿನ ಲೋಟ, ಒಂದು ಚಿಕ್ಕ ಸರ್ಕ್ಯೂಟ್ ಬೋರ್ಡ್, ಬ್ಯಾಟರಿ ತೆಗೆದರು. ಬೋರ್ಡಿನ ಮೇಲೆ ಕೆಂಪು ಎಲ್‌ಇಡಿ ಉರಿಯುತ್ತಿತ್ತು. ನನ್ನ ಹೆಂಡತಿ ತಂದ ನೀರನ್ನೇ ಲೋಟಕ್ಕೆ ಸುರಿದು ಬೋರ್ಡನ್ನು ಮುಳುಗಿಸಿದರು. ದೀಪ ಆರಲಿಲ್ಲ. ಹೊರಗೆ ತೆಗೆದು ವಾರೆ ಮಾಡಿದಾಗ ನೀರು ಕೆಸುವಿನೆಲೆ ಮೇಲಿನ ಹನಿಯ ಹಾಗೆ ಉರುಳಿ ಹೋಯಿತು, ಬೋರ್ಡು ಒಣಗಿಯೇ ಇತ್ತು. ಕೆಸುವಿನೆಲೆಯಲ್ಲೂ ಅದೇ ಕೆಲಸ ನಡೆಯುವುದು, ಎಲೆಯ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಮೇಣದ ಉಬ್ಬುತಗ್ಗುಗಳಿರುತ್ತವೆ. ಇವರು ಅಂಥದ್ದೇ ಒಂದು ನ್ಯಾನೋ ಲೇಪವನ್ನು ಬೋರ್ಡಿಗೆ ಹಚ್ಚಿದ್ದರು. ಮೂವತ್ತು ವರ್ಷ ಪಾಠ ಮಾಡಿದವನು ನಾನು, ನನಗೆ ಅದು ನಿಜವಾದ ವಿಜ್ಞಾನ ಅಂತ ಗೊತ್ತಾಯಿತು. ಮಾರನೇ ವಾರವೇ ಚೆಕ್ ಬರೆದೆ.

ವಿಜ್ಞಾನ ಸರಿಯಾಗಿಯೇ ಇತ್ತು. ಕೈಕೊಟ್ಟಿದ್ದು ಬೇರೆ. ಬೋರ್ಡ್ ತಯಾರಿಸುವ ಒಂದು ದೊಡ್ಡ ಕಂಪನಿ ಪರೀಕ್ಷೆಗೆ ತಗೊಂಡಿತು. ಅವರು ಕೇಳಿದ ಮೊದಲ ಪ್ರಶ್ನೆ, ದಿನಕ್ಕೆ ಎಷ್ಟು ಬೋರ್ಡಿಗೆ ಲೇಪ ಹಚ್ಚುತ್ತೀರಿ ಅಂತ. ಇವರಿಗೆ ನಲವತ್ತು ಆಗುತ್ತಿತ್ತು, ಅವರಿಗೆ ಬೇಕಾಗಿದ್ದು ಸಾವಿರಗಟ್ಟಲೆ. ಆಮೇಲೆ ಕನೆಕ್ಟರ್ ಪಿನ್ನುಗಳ ಮೇಲೂ ಲೇಪ ಕೂತು ಕರೆಂಟು ಸರಿಯಾಗಿ ಹರಿಯಲಿಲ್ಲ, ಅಷ್ಟು ಜಾಗ ಮುಚ್ಚಿಟ್ಟು ಲೇಪ ಹಚ್ಚಬೇಕಾಯಿತು, ಅದಕ್ಕೆ ಕೈಕೆಲಸ ಜಾಸ್ತಿ. ರಿಪೇರಿಗೆ ಬಂದ ಬೋರ್ಡಿಗೆ ಮತ್ತೆ ಬೆಸುಗೆ ಹಾಕಿದರೆ ಲೇಪ ಹೋಗುತ್ತಿತ್ತು. ಒಂದೊಂದನ್ನೂ ಸರಿ ಮಾಡಿದರು, ಹುಡುಗರು ರಾತ್ರಿ ಹಗಲು ದುಡಿದರು. ಆ ಪರೀಕ್ಷೆ ಮುಗಿಯೋಕೆ ಹದಿನಾಲ್ಕು ತಿಂಗಳು ಹಿಡಿಯಿತು, ಹನ್ನೊಂದನೇ ತಿಂಗಳಿಗೆ ದುಡ್ಡು ಮುಗಿದಿತ್ತು. ನನ್ನ ಷೇರು ಈಗಲೂ ಒಂದು ಫೈಲಿನಲ್ಲಿದೆ, ಕೊಳ್ಳುವವರು ಯಾರೂ ಇಲ್ಲ.

ಹಾಗಾಗಿ ಗೌಡ್ರೇ, ಡೆಮೋ ನೋಡಿ ನಿರ್ಧಾರ ಮಾಡಬೇಡಿ. ಇಂಕನ್ನು ದುಡ್ಡು ಕೊಟ್ಟು ಯಾರು ಕೊಳ್ಳುತ್ತಿದ್ದಾರೆ, ಎರಡನೇ ಸಲ ಆರ್ಡರ್ ಕೊಟ್ಟವರು ಯಾರು ಅಂತ ಕೇಳಿ. ಮೊದಲ ಆರ್ಡರ್ ಕುತೂಹಲಕ್ಕೂ ಬರುತ್ತದೆ.

ಮೂಡಿಗೆರೆಯಿಂದ, ತೋಟದವರು:

ನನಗೂ ನ್ಯಾನೋ ಗೊತ್ತಿಲ್ಲ ಅಣ್ಣ, ವೆನಿಲ್ಲಾ ಗೊತ್ತು. ನಿಮಗೂ ನೆನಪಿರುತ್ತದೆ. 2000ದಲ್ಲಿ ಮಡಗಾಸ್ಕರಿಗೆ ಚಂಡಮಾರುತ ಹೊಡೆದು ಅಲ್ಲಿಯ ಬೆಳೆ ಹಾಳಾಗಿ, 2003ರ ಹೊತ್ತಿಗೆ ನಮ್ಮಲ್ಲಿ ಹಸಿ ಕೋಡು ಕೆಜಿಗೆ ಸಾವಿರಗಳ ಲೆಕ್ಕದಲ್ಲಿ ಹೋಯಿತು. ನಾವು ಬಳ್ಳಿಯನ್ನು ಅಡಿ ಲೆಕ್ಕದಲ್ಲಿ ಕೊಂಡು ತಂದು ನೆಟ್ಟೆವು. ಅದರ ಹೂವು ಬೆಳಗ್ಗೆ ಅರಳಿ ಮಧ್ಯಾಹ್ನಕ್ಕೆ ಬಾಡುತ್ತದೆ, ಅಷ್ಟರೊಳಗೆ ಒಂದೊಂದೇ ಹೂವಿಗೆ ಕಡ್ಡಿ ಹಿಡಿದು ಪರಾಗ ಮುಟ್ಟಿಸಬೇಕು. ಅಮ್ಮ, ಹೆಂಡತಿ, ನಾನು ಮೂರೂ ಜನ ಬೆಳಗ್ಗೆ ಆರಕ್ಕೇ ತೋಟದಲ್ಲಿರುತ್ತಿದ್ದೆವು. ಕೋಡು ಬಲಿಯುವ ಹೊತ್ತಿಗೆ ರೇಟು ಬಿದ್ದು ಹೋಯಿತು, ಆಮೇಲೆ ನೂರು ರೂಪಾಯಿಗೂ ಕೇಳುವವರಿರಲಿಲ್ಲ. ನಮ್ಮ ಊರಿನಲ್ಲಿ ಆಗ ದುಡ್ಡು ಮಾಡಿದವರು ಬಳ್ಳಿ ಮಾರಿದವರು. ಬೆಳೆದವರಲ್ಲ.

ಮೊನ್ನೆಯ ಶುಂಠಿಯೂ ಹಾಗೇ ಆಯಿತಲ್ವಾ. 2023ರ ರೇಟು ನೋಡಿ ಗದ್ದೆ ಗುತ್ತಿಗೆ ಹಿಡಿದವರೆಲ್ಲ ಮುಂದಿನ ವರ್ಷ ಕೂತು ನಷ್ಟದ ಲೆಕ್ಕ ಹಾಕುತ್ತಿದ್ದರು.

ಹಾಸನದಿಂದ, ಮತ್ತೆ:

ವೆನಿಲ್ಲಾ ಅಂದಿದ್ದಕ್ಕೆ ಇದನ್ನು ಹೇಳಲೇಬೇಕು. ನೀವು ಕಡ್ಡಿ ಹಿಡಿದು ತೋಟದಲ್ಲಿದ್ದ ಕಾಲದಲ್ಲೇ ಅಮೆರಿಕದಲ್ಲಿ ನ್ಯಾನೋ ಷೇರುಗಳ ಅಬ್ಬರ ನಡೆಯುತ್ತಿತ್ತು. 2000ದಲ್ಲಿ ಅಲ್ಲಿಯ ಸರ್ಕಾರ ದೊಡ್ಡ ನ್ಯಾನೋ ಯೋಜನೆ ಘೋಷಿಸಿತು, 2003ರ ಕೊನೆಗೆ ಅದಕ್ಕೆ ಕಾನೂನೂ ಬಂತು. 2004ರಲ್ಲಿ ಮೆರಿಲ್ ಲಿಂಚ್ ಎಂಬ ಹಣಕಾಸು ಸಂಸ್ಥೆ ನ್ಯಾನೋ ಕಂಪನಿಗಳ ಷೇರು ಬೆಲೆ ಏರಿಳಿತ ತೋರಿಸೋಕೇ ಒಂದು ಸೂಚ್ಯಂಕ ಮಾಡಿತು. ನ್ಯಾನೋಸಿಸ್ ಎಂಬ ಕಂಪನಿ ಅದೇ ವರ್ಷ ಜನರಿಗೆ ಷೇರು ಮಾರಲು ಹೊರಟು, ಆಗಸ್ಟಿನಲ್ಲಿ ಅದನ್ನು ವಾಪಸ್ ತಗೊಂಡಿತು.

ಆ ಕಂಪನಿ ಮುಂದೆ ಏನಾಯಿತು ಅನ್ನೋದನ್ನು ನಾನು ತುಂಬಾ ಸಲ ಯೋಚಿಸಿದ್ದೇನೆ. ಅವರ ಹತ್ತಿರ ಕ್ವಾಂಟಮ್ ಡಾಟ್ ಇತ್ತು. ಕೆಲವೇ ನ್ಯಾನೋಮೀಟರ್ (ಮೀಟರಿನ ನೂರು ಕೋಟಿಯಲ್ಲಿ ಒಂದು ಭಾಗ) ಅಗಲದ ಕಣ ಅದು, ಅದೇ ಪದಾರ್ಥ, ಗಾತ್ರ ಬದಲಾದರೆ ಬಣ್ಣ ಬದಲಾಗುತ್ತದೆ. ಸಣ್ಣದು ನೀಲಿ, ದೊಡ್ಡದು ಕೆಂಪು. ಈಗ ಅಂಗಡಿಯಲ್ಲಿ ಕ್ಯೂಎಲ್‌ಇಡಿ ಅಂತ ಬರೆದಿರುವ ಟಿವಿಗಳಲ್ಲಿ ಇರೋದು ಇದೇ ತಂತ್ರ. ಆದರೆ ಕಂಪನಿ ಶುರುವಾದದ್ದು 2001ರಲ್ಲಿ, ಅಂಥ ಟಿವಿ ಮನೆಮನೆಗೆ ಬರೋಕೆ ಹತ್ತು ವರ್ಷಕ್ಕೂ ಜಾಸ್ತಿ ಬೇಕಾಯಿತು. 2023ರಲ್ಲಿ ಕ್ವಾಂಟಮ್ ಡಾಟ್ ಸಂಶೋಧನೆಗೆ ಮೂವರಿಗೆ ರಸಾಯನಶಾಸ್ತ್ರದ ನೊಬೆಲ್ ಬಂತು, ಅದೇ ವರ್ಷ ಆ ಕಂಪನಿಯನ್ನು ಜಪಾನಿನ ಶೋಯಿ ಕೆಮಿಕಲ್ ಕೊಂಡುಕೊಂಡಿತು. ಗೆದ್ದ ಕಥೆಗೇ ಇಪ್ಪತ್ತೆರಡು ವರ್ಷ. ನಿಮ್ಮ ಹತ್ತು ಲಕ್ಷಕ್ಕೆ ಅಷ್ಟು ದಿನ ಕಾಯುವ ತಾಳ್ಮೆ ಇದೆಯಾ ಅಂತ ನೋಡಿಕೊಳ್ಳಿ.

ಚಿಕ್ಕಮಗಳೂರಿನ ಹುಡುಗಿ, ಈಗ ಬೆಂಗಳೂರು:

ನಾನು ಎಂ.ಟೆಕ್ ಪ್ರಾಜೆಕ್ಟಿಗೆ ಒಂದು ವರ್ಷ ಕ್ಲೀನ್‌ರೂಮಿನಲ್ಲಿ, ಅಂದರೆ ಚಿಪ್ ಮಾಡುವ ಧೂಳಿಲ್ಲದ ಲ್ಯಾಬಿನಲ್ಲಿ ಕೆಲಸ ಮಾಡಿದ್ದೇನೆ. ಮೈತುಂಬ ಬಿಳಿ ಗೌನು, ಮುಖಗವಸು, ಎರಡು ಜೊತೆ ಗ್ಲೌಸು. ಪೌಡರ್ ಹಚ್ಚಿಕೊಂಡು ಹೋದರೆ ವಾಪಸ್ ಕಳಿಸುತ್ತಾರೆ. ಒಳಗಿನ ಒಂದು ಕೋಣೆ ಪೂರ್ತಿ ಹಳದಿ ಬೆಳಕು, ಯಾಕೆಂದರೆ ಅಲ್ಲಿ ಬಳಸುವ ರಾಸಾಯನಿಕ ನೀಲಿ ಬೆಳಕಿಗೆ ಕೆಡುತ್ತದೆ. ಅಷ್ಟೆಲ್ಲ ಮಾಡಿ ಒಂದು ತುಂಡಿನ ಮೇಲೆ ನೂರು ಟ್ರಾನ್ಸಿಸ್ಟರ್ (ಚಿಪ್ಪಿನ ಒಳಗಿನ ಸಣ್ಣ ಸ್ವಿಚ್) ಮಾಡಿದರೆ ಶುರುವಿನಲ್ಲಿ ನನಗೆ ಏಳೋ ಎಂಟೋ ಕೆಲಸ ಮಾಡುತ್ತಿದ್ದವು. ರಿಪೋರ್ಟಿಗೆ ಆ ಏಳು ಸಾಕು. ಕಾರ್ಖಾನೆಗೆ ಸಾಲದು. ನ್ಯಾನೋ ಅಂತ ಯಾರೇ ಗ್ರಾಫ್ ತೋರಿಸಿದರೂ ನೂರು ಮಾಡಿದರೆ ಇಷ್ಟು ಚೆನ್ನಾಗಿ ಎಷ್ಟು ಬರುತ್ತವೆ ಅಂತ ಕೇಳಿ ಅಂಕಲ್.

ಗ್ರಾಫೀನ್ ವಿಷಯ. ಮ್ಯಾಂಚೆಸ್ಟರಿನ ಇಬ್ಬರು ವಿಜ್ಞಾನಿಗಳು 2004ರಲ್ಲಿ ಗ್ರಾಫೈಟ್ ತುಂಡಿಗೆ ಅಂಟು ಟೇಪ್ ಹಚ್ಚಿ ಕಿತ್ತು ಒಂದೇ ಪರಮಾಣು ದಪ್ಪದ ಪದರ ತೆಗೆದರು, 2010ರಲ್ಲಿ ನೊಬೆಲ್ ಬಂತು. ಆಗ ಎಲ್ಲರೂ ಇನ್ನು ಸಿಲಿಕಾನ್ ಚಿಪ್ ಕಥೆ ಮುಗಿಯಿತು ಅಂದುಕೊಂಡರು. ಮುಗಿಯಲಿಲ್ಲ. ಅದೇ ಪದರ ಸುತ್ತಿ ಕೊಳವೆ ಮಾಡಿದ ಹಾಗಿರುವ ಕಾರ್ಬನ್ ನ್ಯಾನೋಟ್ಯೂಬ್ ಕಥೆಯೂ ಹೀಗೇ. 2019ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದವರು ಅದರಿಂದಲೇ ಒಂದು ಪ್ರೊಸೆಸರ್ ಮಾಡಿ ತೋರಿಸಿದರು, 14,000ಕ್ಕೂ ಜಾಸ್ತಿ ಟ್ರಾನ್ಸಿಸ್ಟರ್ ಇದ್ದದ್ದು. ನಮ್ಮ ಫೋನಿನ ಚಿಪ್ಪಿನಲ್ಲಿ ಇರೋದು ನೂರಾರು ಕೋಟಿ.

ಇಂಕ್ ಅಷ್ಟು ಕಷ್ಟದ ವಸ್ತು ಅಲ್ಲ, ಅದು ನಿಜಕ್ಕೂ ಮಾರಾಟ ಆಗುತ್ತದೆ. ಆದರೆ ಒಂದು ಎಚ್ಚರಿಕೆ. 2018ರಲ್ಲಿ ಸಿಂಗಪುರದ ನ್ಯಾಷನಲ್ ಯೂನಿವರ್ಸಿಟಿಯವರು ಬೇರೆ ಬೇರೆ ದೇಶದ 60 ಕಂಪನಿಗಳ ಗ್ರಾಫೀನ್ ಪುಡಿ ಪರೀಕ್ಷೆ ಮಾಡಿದರು. ಹೆಚ್ಚಿನವರ ಪುಡಿಯಲ್ಲಿ ನಿಜವಾದ ಗ್ರಾಫೀನ್ ನೂರಕ್ಕೆ ಹತ್ತು ಭಾಗವೂ ಇರಲಿಲ್ಲ, ಉಳಿದದ್ದು ಬರೀ ಗ್ರಾಫೈಟ್ ಪುಡಿ, ಪೆನ್ಸಿಲ್ ಕಡ್ಡಿಯಲ್ಲಿ ಇರುತ್ತದಲ್ಲ ಅದೇ. ಆದ್ದರಿಂದ ರಾಮನ್ ಪರೀಕ್ಷೆಯ ರಿಪೋರ್ಟ್ ಕೇಳಿ, ಹೊರಗಿನ ಲ್ಯಾಬಿನದ್ದು. ಪುಡಿಯ ಮೇಲೆ ಲೇಸರ್ ಬೆಳಕು ಬಿಟ್ಟು, ಚದುರಿ ಬರುವ ಬೆಳಕಿನಿಂದ ಅದು ಗ್ರಾಫೀನಾ ಗ್ರಾಫೈಟಾ ಅಂತ ಗುರುತಿಸುವ ಪರೀಕ್ಷೆ ಅದು. ಹೌದು, ನಮ್ಮ ಸಿ.ವಿ. ರಾಮನ್ 1928ರಲ್ಲಿ ಕಂಡುಹಿಡಿದ ಪರಿಣಾಮದಿಂದಲೇ ಈ ಪರೀಕ್ಷೆ ಮಾಡುವುದು. ಅವರ ಇಂಕ್ ಬೆಳ್ಳಿ ಇಂಕಿಗಿಂತ ಅಗ್ಗನಾ, ಮಾಮೂಲಿ ಕಾರ್ಬನ್ ಇಂಕಿಗಿಂತ ಎಷ್ಟು ಚೆನ್ನಾಗಿ ಕರೆಂಟು ಹರಿಸುತ್ತದೆ ಅಂತಲೂ ಕೇಳಬೇಕು. ಶುಗರ್ ನೋಡುವ ಪಟ್ಟಿಯಲ್ಲಿ ಮಾಮೂಲಿ ಕಾರ್ಬನ್ ಇಂಕೇ ವರ್ಷಗಳಿಂದ ಕೆಲಸ ಮಾಡುತ್ತಿದೆ. ಅದನ್ನು ಬಿಟ್ಟು ಇವರದ್ದನ್ನು ಕೊಳ್ಳೋಕೆ ಕಾರಣ ಬೇಕಲ್ಲ.

ನಿರುತ್ಸಾಹ ಮಾಡುತ್ತಿದ್ದೇನೆ ಅಂದುಕೊಳ್ಳಬೇಡಿ. 2007ರಲ್ಲಿ ಕೇಂದ್ರ ಸರ್ಕಾರ 1,000 ಕೋಟಿಯ ನ್ಯಾನೋ ಮಿಷನ್ ತಂದಾಗ ಅದರ ಮುಂದಾಳು ನಮ್ಮ ಸಿ.ಎನ್.ಆರ್. ರಾವ್ ಅವರು. ನನ್ನಂಥ ಸಣ್ಣ ಊರಿನ ಕಾಲೇಜಿನವರೂ ಐಐಎಸ್‌ಸಿಯ ದೊಡ್ಡ ಯಂತ್ರ ಮುಟ್ಟುವ ಹಾಗಾಗಿದ್ದು ಇಂಥ ಸರ್ಕಾರಿ ದುಡ್ಡಿನಿಂದ. ಈ ಹುಡುಗರು ಗೆಲ್ಲಲಿ ಅಂತ ನನಗೂ ಆಸೆ ಇದೆ.

ಅರಸೀಕೆರೆಯಿಂದ:

ಒಂದೇ ಮಾತು. ನಾನು ನ್ಯಾನೋ ಅಂತ ಹೆಸರಿಲ್ಲದ ಒಂದು ಸಣ್ಣ ಕಂಪನಿಗೆ ಎರಡು ಲಕ್ಷ ಹಾಕಿದ್ದೆ. ಲ್ಯಾಬುಗಳಿಗೆ ನಿರ್ವಾತ ಪಂಪು, ಲೇಪ ಹಚ್ಚುವ ಯಂತ್ರ ಮಾಡಿಕೊಡುತ್ತಾರೆ. ಯಾರ ಸಂಶೋಧನೆ ಗೆಲ್ಲಲಿ ಸೋಲಲಿ ಪಂಪು ಬೇಕೇ ಬೇಕು. ಮೂರು ವರ್ಷದಿಂದ ಸ್ವಲ್ಪ ಸ್ವಲ್ಪ ಡಿವಿಡೆಂಡ್, ಅಂದರೆ ಲಾಭದ ಪಾಲು ಬರುತ್ತಿದೆ. ಮೂಡಿಗೆರೆಯವರು ಬಳ್ಳಿ ಮಾರಿದವರು ಅಂದರಲ್ಲ, ಅದನ್ನು ಓದಿ ಬರೆಯಬೇಕು ಅನಿಸಿತು.

ಚಿಕ್ಕಮಗಳೂರಿನಿಂದ, ಆಡಿಟರ್ ಆಫೀಸಿನಲ್ಲಿ ಕೆಲಸ:

ಕಾಗದದ ಕಡೆ ನಾನು ಹೇಳುತ್ತೇನೆ. ಮೊದಲು ಕಂಪನಿ ವ್ಯವಹಾರಗಳ ಸಚಿವಾಲಯದ ವೆಬ್‌ಸೈಟಿನಲ್ಲಿ ಕಂಪನಿ ಹೆಸರು ಹಾಕಿ. ಯಾವಾಗ ಶುರುವಾಯಿತು, ಬಂಡವಾಳ ಎಷ್ಟು, ಡೈರೆಕ್ಟರ್ ಯಾರು ಎಲ್ಲ ಪುಕ್ಕಟೆ ಕಾಣುತ್ತದೆ.

ಷೇರನ್ನು ಹೀಗೆ ಪರಿಚಯದವರಿಗೆ ಮಾರೋದಕ್ಕೆ 2013ರ ಕಂಪನಿ ಕಾಯ್ದೆಯ 42ನೇ ಸೆಕ್ಷನ್ ಇದೆ. ನಿಮ್ಮ ಹೆಸರಿಗೇ ಬರೆದ ಆಫರ್ ಪತ್ರ ಕೊಡಬೇಕು. ವರ್ಷಕ್ಕೆ 200 ಜನಕ್ಕಿಂತ ಜಾಸ್ತಿ ಕೇಳುವ ಹಾಗಿಲ್ಲ, ಜಾಹೀರಾತು ಮಾಡುವ ಹಾಗಿಲ್ಲ. ದುಡ್ಡು ನಿಮ್ಮ ಬ್ಯಾಂಕ್ ಖಾತೆಯಿಂದ ಕಂಪನಿ ಖಾತೆಗೇ ಹೋಗಬೇಕು, ನಗದು ಇಲ್ಲ, ಹುಡುಗನ ಸ್ವಂತ ಖಾತೆಗೂ ಇಲ್ಲ. 60 ದಿನದೊಳಗೆ ಷೇರು ಕೊಡದಿದ್ದರೆ ಅದಾದ 15 ದಿನದಲ್ಲಿ ದುಡ್ಡು ವಾಪಸ್ ಕೊಡಬೇಕು. ಷೇರು ಬೇಡ, ಸಾಲ ಅಂತ ಕೊಡಿ, ತಿಂಗಳು ತಿಂಗಳು ಬಡ್ಡಿ ಕೊಡುತ್ತೇವೆ ಅಂದರೆ ಅಲ್ಲಿಗೇ ಎದ್ದು ಬನ್ನಿ. ಡೈರೆಕ್ಟರೂ ಅಲ್ಲದ, ಅವರ ಸಂಬಂಧಿಕರೂ ಅಲ್ಲದ, ಷೇರುದಾರರೂ ಅಲ್ಲದ ನಿಮ್ಮಿಂದ ಪ್ರೈವೇಟ್ ಕಂಪನಿ ಹಾಗೆ ದುಡ್ಡು ತಗೊಳ್ಳುವ ಹಾಗಿಲ್ಲ.

ಪೇಟೆಂಟ್ ಇದೆ ಅಂದರೆ ಅರ್ಜಿ ಹಾಕಿದ್ದೋ, ಮಂಜೂರಾಗಿದ್ದೋ ಕೇಳಿ. ಯಾರ ಹೆಸರಿನಲ್ಲಿದೆ ಅಂತಲೂ ನೋಡಿ. ಕಾಲೇಜಿನ ಹೆಸರಿನಲ್ಲಿದ್ದರೆ ಕಂಪನಿಗೆ ಬಳಸುವ ಹಕ್ಕಿನ ಒಪ್ಪಂದ ಇದೆಯಾ ಅನ್ನೋದು ಮುಖ್ಯ. ನಮ್ಮ ಕಕ್ಷಿದಾರರೊಬ್ಬರು ಇಲ್ಲೇ ಜಾರಿದ್ದು. ಮತ್ತೆ ಒಂದು, ಪ್ರೈವೇಟ್ ಕಂಪನಿ ಷೇರನ್ನು ಬೇಕೆಂದಾಗ ಮಾರೋಕೆ ಆಗಲ್ಲ. ಮಗಳ ಮದುವೆ, ಬೋರ್‌ವೆಲ್ ಅಂತ ಎತ್ತಿಟ್ಟ ದುಡ್ಡು ಇದಕ್ಕೆ ಬೇಡವೇ ಬೇಡ.

ಸಕಲೇಶಪುರದಿಂದ, ಕೇಳಿದವರು:

ಎಲ್ಲರದ್ದೂ ಎರಡೆರಡು ಸಲ ಓದಿದೆ. ನಿನ್ನೆ ರಾತ್ರಿ ಹುಡುಗನಿಗೆ ಫೋನ್ ಮಾಡಿ ಕೇಳಿದೆ. ಎರಡನೇ ಸಲ ಆರ್ಡರ್ ಕೊಟ್ಟವರು ಒಬ್ಬರು ಇದ್ದಾರಂತೆ, ಕೋಲ್ಡ್ ಸ್ಟೋರೇಜಿಗೆ ತೇವಾಂಶ ನೋಡುವ ಸೆನ್ಸರ್ ಮಾಡುವವರು. ಬಿಲ್ ತೋರಿಸುತ್ತೇನೆ ಅಂದ. ಪೇಟೆಂಟ್ ಅರ್ಜಿ ಮಾತ್ರ ಹಾಕಿರೋದು ಅಂತ ತಾನೇ ಒಪ್ಪಿಕೊಂಡ. ರಾಮನ್ ರಿಪೋರ್ಟ್ ತಮ್ಮದೇ ಲ್ಯಾಬಿನದ್ದು, ಹೊರಗೆ ಮಾಡಿಸಿಲ್ಲವಂತೆ. ಖರ್ಚು ನಾನು ಕೊಡುತ್ತೇನೆ, ಮಾಡಿಸಪ್ಪ ಅಂದೆ. ಹತ್ತು ಲಕ್ಷದ ಮಾತು ಬಿಟ್ಟಿದ್ದೇನೆ, ಎಲ್ಲ ಸರಿ ಇದ್ದರೆ ಎರಡು ಲಕ್ಷ, ಅದೂ ಷೇರಾಗಿ. ಭಾನುವಾರ ಅವರ ಜಾಗಕ್ಕೆ ಹೋಗಿ ಬರುತ್ತೇನೆ. ಚಿಕ್ಕಮಗಳೂರಿನ ತಂಗಿ, ಅಲ್ಲಿ ಕೈಯಲ್ಲಿ ಹಿಡಿದು ನೋಡೋಕೆ ನನ್ನಂಥವನಿಗೆ ಏನಾದರೂ ಇದ್ದರೆ ಹೇಳಮ್ಮ.

ಚಿಕ್ಕಮಗಳೂರಿನ ಹುಡುಗಿ, ಈಗ ಬೆಂಗಳೂರು:

ಇದೆ ಅಂಕಲ್. ಬೇರೆ ಬೇರೆ ತಿಂಗಳು ಮಾಡಿದ ಮೂರು ಬಾಟಲಿ ಇಂಕ್ ತೆಗೆಸಿ, ನಿಮ್ಮ ಎದುರಿಗೇ ಮೂರರಿಂದಲೂ ಒಂದೇ ಅಳತೆಯ ಪಟ್ಟಿ ಪ್ರಿಂಟ್ ಮಾಡಿಸಿ. ಒಣಗಿದ ಮೇಲೆ ಕರೆಂಟು ಅಳೆಯುವ ಮಲ್ಟಿಮೀಟರ್ ಇಟ್ಟು ಓಮ್, ಅಂದರೆ ಕರೆಂಟಿಗೆ ಆಗುವ ಅಡ್ಡಿ ಎಷ್ಟು ಬರುತ್ತದೆ ಅಂತ ಬರೆದುಕೊಳ್ಳಿ. ಆಮೇಲೆ ಒಂದು ಪಟ್ಟಿಯನ್ನು ಪೆನ್ನಿಗೆ ಸುತ್ತಿ ಬಿಚ್ಚಿ, ಒಂದು ಐವತ್ತು ಸಲ, ಮತ್ತೆ ಅಳೆಯಿರಿ. ಮೂರು ಪಟ್ಟಿಯ ಅಂಕಿಯೂ ಹತ್ತಿರ ಹತ್ತಿರ ಇರಬೇಕು, ಸುತ್ತಿ ಬಿಚ್ಚಿದ ಮೇಲೂ ಜಾಸ್ತಿ ಏರಬಾರದು. ಅಂಕಿಗಳನ್ನು ಇಲ್ಲಿ ಹಾಕಿ, ನಾನು ನೋಡಿ ಹೇಳುತ್ತೇನೆ.