ಅಪ್‌ಡೇಟ್: ಅಜ್ಜನ ಸೇನಾ ದಾಖಲೆ ಸಿಕ್ಕಿತು

ಬ್ರಹ್ಮಾವರದ ನಮ್ಮ ಅಜ್ಜ ಮದ್ರಾಸ್ ಸ್ಯಾಪರ್ಸ್‌ನಲ್ಲಿ (ಸೇನೆಯ ಎಂಜಿನಿಯರ್ ದಳ, ಅಧಿಕೃತ ಹೆಸರು ಮದ್ರಾಸ್ ಎಂಜಿನಿಯರ್ ಗ್ರೂಪ್) ಎಲ್ಲೆಲ್ಲಿ ಸೇವೆ ಸಲ್ಲಿಸಿದರು ಎಂದು ತಿಳಿಯುವ ದಾರಿಯನ್ನು ಇಲ್ಲಿ ಕೇಳಿದ್ದೆ. ಉತ್ತರ ದೊರೆತಿದೆ, ಸಲಹೆಯಿತ್ತ ಎಲ್ಲರಿಗೂ ಮನಃಪೂರ್ವಕ ವಂದನೆಗಳು.

ಕಾಮನ್‌ವೆಲ್ತ್ ಯುದ್ಧ ಸಮಾಧಿಗಳ ಪಟ್ಟಿಯಿಂದ ಪ್ರಯೋಜನವಾಗಲಿಲ್ಲ. ಅದರಲ್ಲಿರುವುದು ಯುದ್ಧಕಾಲದಲ್ಲಿ ಮಡಿದವರ ಹೆಸರು, ಅಜ್ಜ ಊರಿಗೆ ಮರಳಿದವರು. ಫಲ ಕೊಟ್ಟದ್ದು, ಅಜ್ಜಿಯ ಕುಟುಂಬ ಪಿಂಚಣಿಯ ಆದೇಶಪತ್ರವನ್ನು ನೋಡಿ ಎಂದು ಒಬ್ಬರು ಕೊಟ್ಟ ಸಲಹೆ. ಅದರಲ್ಲಿದ್ದ ಸೇವಾ ಸಂಖ್ಯೆಯೊಂದಿಗೆ ಮರಣ ಪ್ರಮಾಣಪತ್ರ ಹಾಗೂ ಸಂಬಂಧದ ದಾಖಲೆಗಳನ್ನು ಲಗತ್ತಿಸಿ, ಬೆಂಗಳೂರಿನಲ್ಲಿರುವ ಮದ್ರಾಸ್ ಎಂಜಿನಿಯರ್ ಗ್ರೂಪ್‌ನ ದಾಖಲೆ ಕಚೇರಿಗೆ ಅಮ್ಮನ ಹೆಸರಿನಲ್ಲಿ ಪತ್ರ ಬರೆದೆವು.

ಸೇರ್ಪಡೆಯಿಂದ ಸುಬೇದಾರರಾಗಿ ನಿವೃತ್ತರಾಗುವವರೆಗಿನ ಸೇವಾ ವಿವರ ಅಂಚೆಯಲ್ಲಿ ಬಂತು. ಪೆಟ್ಟಿಗೆಯಲ್ಲಿದ್ದ, ಮರಳುಬಣ್ಣದ ಪಟ್ಟಿಯ ನಡುವೆ ಕೆಂಪು ಗೆರೆಯುಳ್ಳ ಆಫ್ರಿಕಾ ಸ್ಟಾರ್ ಪದಕವನ್ನು ಕಂಡು ಅವರು ಈಜಿಪ್ಟಿನಲ್ಲಿದ್ದರೆಂದೇ ನಾವು ನಂಬಿದ್ದೆವು. ಆದರೆ ಪೂರ್ವ ಆಫ್ರಿಕಾದ ಎರಿಟ್ರಿಯಾದಲ್ಲಿ ಹೋರಾಡಿದವರಿಗೂ ಆ ಪದಕ ಸಲ್ಲುತ್ತಿತ್ತು. ಅಜ್ಜ 1941ರಲ್ಲಿ ಅಲ್ಲಿನ ಕೆರೆನ್ ಕದನದಲ್ಲಿದ್ದರು.

ನಮ್ಮನ್ನು ಹೆಚ್ಚು ಬೆರಗುಗೊಳಿಸಿದ್ದು 1948ರ ನಮೂದು. ಆ ವರ್ಷ ಕಾಶ್ಮೀರ ಯುದ್ಧದಲ್ಲಿ ಬಾಲ್ತಾಲ್‌ನಿಂದ ಜೋಜಿ ಲಾ ಕಣಿವೆಗೆ ಹೇಸರಗತ್ತೆಗಳಷ್ಟೇ ನಡೆಯಬಲ್ಲ ದಾರಿಯನ್ನು ಟ್ಯಾಂಕುಗಳು ಏರುವಂತೆ ಅಗಲಗೊಳಿಸಿದವರು ಮದ್ರಾಸ್ ಸ್ಯಾಪರ್‌ಗಳು, ಮತ್ತು ನವೆಂಬರ್ 1ರಂದು ಆ ಟ್ಯಾಂಕುಗಳು ಕಣಿವೆಯನ್ನು ಭೇದಿಸಿದವು. ಆ ತುಕಡಿಯಲ್ಲಿ ಅಜ್ಜನೂ ಇದ್ದರು. ಮನೆಯಲ್ಲಿ ಒಮ್ಮೆಯೂ ಹೇಳಿರಲಿಲ್ಲ.

ಪದಕಗಳಿದ್ದವರು ಅಂಚನ್ನೂ ಭೂತಗನ್ನಡಿಯಲ್ಲಿ ನೋಡಿ: ನಮ್ಮಲ್ಲಿರುವ 1947ರ ಸ್ವಾತಂತ್ರ್ಯ ಪದಕದ ಅಂಚಿನಲ್ಲಿ ಅದೇ ಸೇವಾ ಸಂಖ್ಯೆ, ಹುದ್ದೆ ಮತ್ತು ಹೆಸರು ಕೊರೆದಿವೆ.